ವಾರಕ್ಕೊಬ್ಬರ ಟ್ರಾಕ್ಟರು

ನಮ್ಮ ಟ್ರಾಕ್ಟರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮಾವ ಬದುಕಿದ್ದಾಗ ಪಾಲಹಳ್ಳಿಯವರೊಬ್ಬರಿಂದ ಕೊಂಡು ತಂದದ್ದು. ತಂದಾಗಲೇ ಅದಕ್ಕೆ ಮುದಿ ವಯಸ್ಸು. ಅದು ಬಂದ ವರ್ಷವೇ ಮನೆಯ ಎತ್ತುಗಳನ್ನು ಹೇಮಗಿರಿಯ ದನಗಳ ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟರು. ಎತ್ತುಗಳು ಬೈದರೆ ಕಿವಿಯನ್ನಾದರೂ ಅಲ್ಲಾಡಿಸುತ್ತಿದ್ದವು. ಇದು ಬೇಕಾದಾಗ ಸ್ಟಾರ್ಟ್ ಆಗುವುದಿಲ್ಲ. ಆದರೆ ಬೀದಿಯಲ್ಲಿ ಯಾರೂ ಮಾತಾಡಲಾಗದಷ್ಟು ಗಲಾಟೆ ಮಾಡುತ್ತದೆ.

ನಾನು ನಾಗಮಂಗಲ ಕಡೆಯ ಹೆಣ್ಣು. ಅಲ್ಲಿ ನಮ್ಮೂರಿಗೆ ನಾಲೆ ಇಲ್ಲ, ಬೋರ್‌ವೆಲ್ಲೇ ಗತಿ. ಕರೆಂಟು ಬಂದಾಗ ಮೋಟಾರು ಓಡದಿದ್ದರೆ ಗಂಡಸರು ಮನೆಗೆ ಬರುವ ತನಕ ಕಾಯುವ ಹಾಗಿರಲಿಲ್ಲ. ಸ್ಟಾರ್ಟರ್ ಡಬ್ಬ ಬಿಚ್ಚುವುದು, ಫ್ಯೂಸ್ ಕಟ್ಟುವುದು, ಬಲ್ಬಿಗೆ ಎರಡು ವೈರು ಸಿಕ್ಕಿಸಿ ಕರೆಂಟು ಎಲ್ಲಿಯ ತನಕ ಬಂದಿದೆ ಎಂದು ನೋಡುವುದು, ಇವನ್ನೆಲ್ಲ ಮುದ್ದೆ ತಿರುವುವುದರ ಜೊತೆಗೇ ಕಲಿತೆ. ಪಾಂಡವಪುರ ತಾಲ್ಲೂಕಿನ ನಾಲೆ ಬಯಲಿಗೆ ಸೊಸೆಯಾಗಿ ಬಂದಾಗ, ಗದ್ದೆಗೆ ನೀರು ತಾನಾಗಿ ನಡೆದು ಬರುವುದನ್ನು ನೋಡಿ ಈ ಊರಿನವರೆಲ್ಲ ಪುಣ್ಯವಂತರು ಅಂದುಕೊಂಡಿದ್ದೆ. ಆ ಅಭಿಪ್ರಾಯ ಬಹಳ ದಿನ ಉಳಿಯಲಿಲ್ಲ.

ಪಾಲು ಕೇಳಿದವಳು ನಾನೇ. ಊರಿನಲ್ಲಿ ಅದನ್ನು ಇಂದಿಗೂ ಹೇಳುತ್ತಾರೆ, ಹೇಳಿಕೊಳ್ಳಲಿ. ಆಗ ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣನದು. ಏನು ಬೆಳೆಯಬೇಕು, ಯಾವ ಗದ್ದೆಗೆ ಮೊದಲು ನೀರು, ಯಾರ ಮನೆ ಮದುವೆಗೆ ಯಾರು ಹೋಗಬೇಕು, ಎಲ್ಲವೂ ಬಾವನ ಬಾಯಿಂದಲೇ ಬರಬೇಕು. ನನ್ನ ಗಂಡ ಆ ಮನೆಯಲ್ಲಿ ಆಳಿನ ಹಾಗೆ ದುಡಿಯುತ್ತ, ಅಣ್ಣ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಒಂದು ಜೊತೆ ಚಪ್ಪಲಿ ಕೊಳ್ಳಬೇಕಾದರೂ ಅಣ್ಣನ ಮುಖ ನೋಡುವ ಗಂಡನ ಜೊತೆ ಎಷ್ಟು ದಿನ ಬಾಳುವುದು? ಜಗಳವಾಯಿತು, ಪಂಚಾಯಿತಿಯಾಯಿತು, ಜಮೀನು ಪಾಲಾಯಿತು, ಮನೆಗೆ ನಡುಗೋಡೆ ಎದ್ದಿತು. ಅಣ್ಣ ತಮ್ಮಂದಿರ ನಡುವೆ ಮಾತು ನಿಂತುಹೋಯಿತು. ನಾನೂ ಬಾವನೂ ಮಾತು ಬಿಟ್ಟೆವು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಟ್ರಾಕ್ಟರನ್ನು ಮಾತ್ರ ಸೀಳಲಾಗಲಿಲ್ಲ. ಮಾರೋಣವೆಂದರೆ ಅದಕ್ಕೆ ಗಿರಾಕಿ ಇಲ್ಲ. ಪಂಚಾಯಿತಿಗೆ ಕೂತ ಹಿರಿಯರು ಒಂದು ವಾರ ಅಣ್ಣನದು, ಒಂದು ವಾರ ತಮ್ಮನದು ಎಂದು ತೀರ್ಮಾನ ಮಾಡಿದರು. ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೈ ಬದಲಾಗಬೇಕು. ಯಾರ ವಾರದಲ್ಲಿ ಕೆಡುತ್ತದೋ ಅವರೇ ರಿಪೇರಿ ಮಾಡಿಸಬೇಕು. ಈ ಕೊನೆಯ ಮಾತನ್ನು ಸೇರಿಸಿದ ಹಿರಿಯರಿಗೆ ನಾನು ಬೈಯದ ದಿನವಿಲ್ಲ. ಅಂದಿನಿಂದ ಎರಡೂ ಮನೆಯವರು ರಿಪೇರಿ ಮಾಡುವುದನ್ನೇ ಬಿಟ್ಟು, ಭಾನುವಾರ ಸಂಜೆಯ ತನಕ ಹೇಗೋ ಎಳೆಯುವುದರಲ್ಲಿ ಪಳಗಿದೆವು. ಬೆಲ್ಟು ಸವೆದರೆ ಸೋಪು ಉಜ್ಜುವುದು, ಪೈಪು ಸೋರಿದರೆ ಸೈಕಲ್ ಟ್ಯೂಬು ಬಿಗಿಯುವುದು, ಆಮೇಲೆ ಸದ್ದಿಲ್ಲದೆ ದಾಟಿಸಿಬಿಡುವುದು. ಬಾವ ನಮ್ಮ ಬಗ್ಗೆ ಏನಾದರೂ ಹೇಳಬೇಕೆನಿಸಿದರೆ ಹಿತ್ತಲಿನಲ್ಲಿ ಎಮ್ಮೆಯ ಮುಂದೆ ನಿಂತು ಹೇಳುತ್ತಿದ್ದರು. "ನೋಡವ್ವ, ಬ್ರೇಕ್ ಇಲ್ದಿರೋ ಗಾಡಿ ಕೊಟ್ಟವ್ರೆ ನಂಗೆ. ನಾನು ಸತ್ತೋದ್ರೆ ನಿಂಗೆ ಹುಲ್ಲು ಯಾರು ಹಾಕ್ತಾರೆ?" ಗೋಡೆಯ ಈಚೆಗೆ ಕೇಳಲೆಂದೇ ಹೇಳುವ ಮಾತು. ನಾನೂ ಪಾತ್ರೆ ಉಜ್ಜುತ್ತ ಪಾತ್ರೆಗಳಿಗೆ ಉತ್ತರ ಕೊಡುತ್ತಿದ್ದೆ.

ನಾನು ಹೇಳಬೇಕೆಂದಿರುವುದು ಕಳೆದ ಬೇಸಿಗೆ ಬೆಳೆಯ ವಿಷಯ. ಸಂಕ್ರಾಂತಿಗೆ ನಾನು ಊರಿನಲ್ಲಿರಲಿಲ್ಲ. ಅಮ್ಮನಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದೆ. ಹಬ್ಬದ ವಾರ ಟ್ರಾಕ್ಟರು ಬಾವನ ಪಾಲಿನಲ್ಲಿತ್ತು. ನಾನು ವಾಪಸ್ಸು ಬಂದ ಭಾನುವಾರ ನಮ್ಮ ಪಾಲಿಗೆ ಬಂತು. ನಾಲೆಯಲ್ಲಿ ನೀರು ಬಿಟ್ಟಿದ್ದರು, ಆದರೆ ಈ ಸಲ ಪೂರ್ತಿ ಇಲ್ಲ, ಕಟ್ಟು ನೀರು. ಕೆಲವು ದಿನ ಬಿಡುವುದು, ಮತ್ತೆ ಕೆಲವು ದಿನ ನಿಲ್ಲಿಸುವುದು. ಆ ವಾರ ಕಳೆದು ಬರುವ ಮಂಗಳವಾರ ಬೆಳಿಗ್ಗೆ ತೂಬು ಮುಚ್ಚುತ್ತೇವೆಂದು ನೀರುಗಂಟಿ ಮನೆ ಮನೆಗೆ ಹೇಳಿ ಹೋಗಿದ್ದ. ಒಟ್ಟಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಬತ್ತದ ಪೈರು ಆಗಲೇ ಬಲಿಯುತ್ತಿತ್ತು. ಅಷ್ಟರೊಳಗೆ ಕೆಸರು ಹೊಡೆದು ನಾಟಿ ಮಾಡದಿದ್ದರೆ ಪೈರು ದನಕ್ಕೆ, ಗದ್ದೆ ಬೀಳು. ಆ ಬೇಸಿಗೆ ನಮ್ಮ ಮನೆಗೆ ಬತ್ತ ಉಂಟೋ ಇಲ್ಲವೋ ಎಂಬುದು ಆ ಹಾಳು ಟ್ರಾಕ್ಟರಿನ ಮೇಲೆ ನಿಂತಿತ್ತು.

ಸೋಮವಾರ ಬೆಳಿಗ್ಗೆ ಕೀ ತಿರುಗಿಸಿ ಸೆಲ್ಫ್ ಗುಂಡಿ ಒತ್ತಿದರೆ, ಒಳಗೆಲ್ಲೋ ಕಟ್ ಎಂದು ಒಂದು ಸದ್ದು ಬಂತು, ಅಷ್ಟೇ. ನನ್ನ ಗಂಡ ಒತ್ತಿದರು, ನಾನು ಒತ್ತಿದೆ. ಕಟ್.

"ಬ್ಯಾಟ್ರಿ ಓಗಿರ್ಬೇಕು ಕಣಮ್ಮಿ" ಎಂದರು ನನ್ನ ಗಂಡ. ಬ್ಯಾಟರಿಯ ಕೊಂಡಿಗಳ ಮೇಲೆ ಬೆಳ್ಳಗೆ ಹಿಟ್ಟು ಕಟ್ಟಿಕೊಂಡಿತ್ತು. ಬಿಸಿನೀರು ಹಾಕಿ ತೊಳೆದು, ಮರಳು ಕಾಗದದಲ್ಲಿ ಉಜ್ಜಿ, ಗ್ರೀಸು ಸವರಿ ಬಿಗಿದೆ. ಸ್ಟಾರ್ಟ್ ಆಯಿತು. ನನಗೆ ಬಂದ ಹೆಮ್ಮೆ ಗದ್ದೆಯ ದಾರಿಯ ತನಕವೂ ಬಾಳಲಿಲ್ಲ. ಕೆಸರು ಚಕ್ರ ಹಾಕಲೆಂದು ಆಫ್ ಮಾಡಿದವರು ಮತ್ತೆ ಒತ್ತಿದರೆ ಕಟ್. ಹೆಡ್‌ಲೈಟು ಹಾಕಿ ನೋಡಿದೆ, ಹಾಡುಹಗಲಲ್ಲೂ ಕಣ್ಣು ಕುಕ್ಕುವಷ್ಟು ಉರಿಯಿತು. ಬ್ಯಾಟರಿ ಸತ್ತಿದ್ದರೆ ಅಷ್ಟು ಬೆಳಕು ಎಲ್ಲಿಂದ ಬರಬೇಕು?

"ಬ್ಯಾಟ್ರಿ ಅಲ್ಲ" ಎಂದೆ.

"ಮತ್ತೆ ಸೆಲ್ಫ್ ಇರ್ಬೇಕು."

ಪಾಂಡವಪುರದಲ್ಲಿ ಎಂಜಿನ್ನು ಎಬ್ಬಿಸುವ ಸೆಲ್ಫ್ ಮೋಟಾರು, ಡೈನಮೊ ಬಿಚ್ಚಿ ಕಟ್ಟುವ ಸಾಬರೊಬ್ಬರಿದ್ದಾರೆ. ಮಾರನೆಯ ದಿನ ಅವರನ್ನೇ ಬೈಕಿನಲ್ಲಿ ಕರೆದುಕೊಂಡು ಬಂದೆವು. ಸೆಲ್ಫ್ ಬಿಚ್ಚಿ, ಒಳಗಿನ ಕಾರ್ಬನ್ ಬ್ರಶ್ಶು ಬದಲಾಯಿಸಿ ಕಟ್ಟಿದರು. ಟೆಸ್ಟ್ ಲ್ಯಾಂಪು ಹಿಡಿದು ಗುಂಡಿಯಿಂದ ಸೆಲ್ಫ್ ತನಕ ಬರುವ ಸಣ್ಣ ವೈರಿನ ತುದಿ ಬಿಚ್ಚಿ ನೋಡಿದರು. ದೀಪ ಚೆನ್ನಾಗಿ ಹತ್ತಿತು. "ವೈರ್ ಪಕ್ಕಾ ಅದೆ ಅಕ್ಕಾ, ಗುಂಡೀನೂ ಪಕ್ಕಾ. ಈಗ ನೋಡಿ" ಎಂದು ಒತ್ತಿದರು. ಸ್ಟಾರ್ಟ್ ಆಯಿತು. ಅವರು ಊಟ ಮಾಡಿ ಹೋದರು. ನಾವು ಗದ್ದೆಗೆ ಹೋದೆವು. ಎರಡು ಸುತ್ತು ಕೆಸರು ಹೊಡೆಯುವಷ್ಟರಲ್ಲಿ ಚಕ್ರ ಆಳಕ್ಕೆ ಇಳಿದು ಎಂಜಿನ್ನು ಕುಸಿದು ನಿಂತಿತು. ಮತ್ತೆ ಗುಂಡಿ ಒತ್ತಿದರೆ ಕಟ್.

ರಸ್ತೆಯಲ್ಲಿ ನಿಂತಿದ್ದರೆ ಇಳಿಜಾರಿನಲ್ಲಿ ತಳ್ಳಬಹುದಿತ್ತು. ಮಂಡಿಯುದ್ದ ಕೆಸರಿನಲ್ಲಿ, ಕಬ್ಬಿಣದ ಚಕ್ರ ಹಾಕಿಕೊಂಡು ನಿಂತಿರುವುದನ್ನು ಯಾರು ತಳ್ಳುತ್ತಾರೆ? ಅವತ್ತೂ ಅದರ ಮರುದಿನವೂ ಅದು ಗದ್ದೆಯ ನಡುವೆಯೇ ನಿಂತಿತ್ತು. ದಾರಿಯಲ್ಲಿ ಹೋಗುವವರೆಲ್ಲ ಬದುವಿನ ಮೇಲೆ ನಿಂತು ಒಂದೊಂದು ಕಾಯಿಲೆ ಹೆಸರಿಸಿ ಹೋದರು. ಬಾವನೂ ಬಂದರು. ಅವರ ಗದ್ದೆ ನಮ್ಮದಕ್ಕಿಂತ ಕೆಳಗೆ. ಟ್ರಾಕ್ಟರನ್ನು ನೋಡಿದರು, ನನ್ನ ಗಂಡನನ್ನು ನೋಡಿದರು, ನನ್ನನ್ನು ನೋಡಲಿಲ್ಲ, ಹೊರಟುಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮನ ಗದ್ದೆ ಒಣಗಲಿ ಎಂದು ಕಾಯುತ್ತಿರುವ ಮನುಷ್ಯ ಎಂದುಕೊಂಡೆ.

ಮೂರನೆಯವರನ್ನು ನಂಬಿದ್ದು ಸಾಕು ಎಂದು ಸೀರೆ ಎತ್ತಿ ಕಟ್ಟಿ ನಾನೇ ಕೆಸರಿಗೆ ಇಳಿದೆ. ತವರಿನಲ್ಲಿ ಬೋರ್‌ವೆಲ್ ಸ್ಟಾರ್ಟರ್ ಕೆಟ್ಟಾಗ ಮಾಡುವ ಹಾಗೆಯೇ ಮಾಡಿದೆ. ಊಹೆ ಮಾಡುವ ಬದಲು ಒಂದು ಕೊನೆಯಿಂದ ಹಿಡಿದುಕೊಂಡು ಬಂದೆ. ಗೇರು ಬಿಡಿಸಿ, ಒಂದು ತುಂಡು ವೈರನ್ನು ಬ್ಯಾಟರಿಯಿಂದ ನೇರವಾಗಿ ಸೆಲ್ಫಿನ ಸಣ್ಣ ಕೊಂಡಿಗೆ ಮುಟ್ಟಿಸಿದೆ. ಸೆಲ್ಫು ತಿರುಗಿ ಎಂಜಿನ್ನು ಗರ್ ಎಂದು ಎದ್ದಿತು. ಅಂದರೆ ಬ್ಯಾಟರಿಗೂ ರೋಗವಿಲ್ಲ, ಸೆಲ್ಫಿಗೂ ರೋಗವಿಲ್ಲ. ಏನಿದ್ದರೂ ಗುಂಡಿಗೂ ಸೆಲ್ಫಿಗೂ ನಡುವೆ. ಆದರೆ ಸಾಬರ ದೀಪ ಅಲ್ಲಿ ಚೆನ್ನಾಗಿಯೇ ಹತ್ತಿತ್ತಲ್ಲ? ಎಂಜಿನ್ನು ಆಫ್ ಮಾಡಿ, ಈ ಸಲ ವೈರನ್ನು ಬಿಚ್ಚದೆ, ಸೆಲ್ಫಿಗೆ ಸಿಕ್ಕಿಸಿರುವಾಗಲೇ, ಎರಡು ವೈರು ಕಟ್ಟಿದ ಇಂಡಿಕೇಟರಿನ ಬಲ್ಬೊಂದನ್ನು ಹಿಡಿದೆ. "ಒತ್ತಿ" ಎಂದು ಗಂಡನಿಗೆ ಹೇಳಿದೆ. ಅವರು ಒತ್ತಿದರು. ದೀಪ ಮಿಣುಕ್ ಎಂದು ಸತ್ತುಹೋಯಿತು.

ಅಲ್ಲಿಗೆ ಕಳ್ಳ ಸಿಕ್ಕ ಹಾಗೆಯೇ. ಸುಟ್ಟೋ ಹರಿದೋ ಒಂದೆರಡು ಎಳೆ ಮಾತ್ರ ಉಳಿದಿರುವ ವೈರು ಬಲ್ಬಿಗೆ ಬೇಕಾದಷ್ಟು ಕರೆಂಟನ್ನು ಸಲೀಸಾಗಿ ಕೊಡುತ್ತದೆ. ಸೆಲ್ಫ್ ಎಳೆದರೆ ಅದರ ಕೈಲಾಗುವುದಿಲ್ಲ. ಇದು ಬೋರ್‌ವೆಲ್ ಕೇಬಲ್ಲಿನಲ್ಲಿ ನಾವು ಎಷ್ಟೋ ಸಲ ನೋಡಿದ್ದೇ.

"ಸಾಕು ಬುಡಮ್ಮಿ, ಸಾಬ್ರು ಬಂದು ನೋಡ್ತಾರೆ" ಎಂದರು ನನ್ನ ಗಂಡ.

"ನಿಮ್ ಸಾಬ್ರು ಬರೋ ಒತ್ಗೆ ತೂಬು ಮುಚ್ಚಿರ್ತಾರೆ" ಎಂದು, ಆ ವೈರನ್ನು ಬೆರಳಿನಲ್ಲೇ ತಡವುತ್ತ ಹೋದೆ. ಅದು ಎಂಜಿನ್ನಿನ ಹೊಟ್ಟೆಯ ಅಡಿಯಲ್ಲಿ ಹಾದು ಬರುತ್ತದೆ. ಅಲ್ಲಿ ಕೈಗೆ ದಪ್ಪಗೆ ಒಂದು ಗಂಟು ಸಿಕ್ಕಿತು. ಕೆಸರು ಒರೆಸಿ ನೋಡಿದರೆ ಕರಿ ಟೇಪು. ಆ ಟ್ರಾಕ್ಟರಿನಲ್ಲಿ ಇರುವುದೆಲ್ಲ ಹಳೆಯದು, ಅದೊಂದು ಟೇಪು ಮಾತ್ರ ಹೊಸದು. ಬಿಚ್ಚಿದೆ. ಒಳಗೆ ರಬ್ಬರು ಕರಗಿ ಹೋಗಿತ್ತು, ತಾಮ್ರದ ಎಳೆಗಳು ಸುಟ್ಟು ಉದುರುತ್ತಿದ್ದವು. ಟೇಪಿನ ಅಂಟಿಗೆ ಅರ್ಧ ಬೆಂದ ನೆಲ್ಲುಹುಲ್ಲಿನ ಚೂರುಗಳು ಮೆತ್ತಿಕೊಂಡಿದ್ದವು.

ನೆಲ್ಲುಹುಲ್ಲು ಕಂಡ ಕೂಡಲೇ ನನಗೆ ಹೊಳೆಯಿತು. ಸಂಕ್ರಾಂತಿಯ ಸಂಜೆ ಬೀದಿಯಲ್ಲಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಎತ್ತು ದನಗಳನ್ನು ಅದರ ಮೇಲೆ ಹಾರಿಸುವುದನ್ನು ನಮ್ಮ ಸೀಮೆಯಲ್ಲಿ ಕಿಚ್ಚು ಹಾಯಿಸುವುದು ಎನ್ನುತ್ತಾರೆ. ಎತ್ತು ಮಾರಿದವರು ಕೆಲವರು ಈಚೆಗೆ ಟ್ರಾಕ್ಟರನ್ನೇ ತೊಳೆದು, ಅರಿಶಿನ ಕುಂಕುಮ ಇಟ್ಟು ಕಿಚ್ಚು ಹಾಯಿಸುವ ಚಟ ಹತ್ತಿಸಿಕೊಂಡಿದ್ದಾರೆ. ಸೋರಿದ ಆಯಿಲು ಹೊಟ್ಟೆಗೆಲ್ಲ ಬಳಿದುಕೊಂಡಿರುವ ಮುದಿ ಟ್ರಾಕ್ಟರನ್ನು ಬೆಂಕಿಯ ಮೇಲೆ ಬಿಡುವ ಬುದ್ಧಿವಂತರು. ಹಬ್ಬದ ವಾರ ಅದು ಯಾರ ಪಾಲಿನಲ್ಲಿತ್ತು? ಬಾವನ ಪಾಲಿನಲ್ಲಿ. ಸುಟ್ಟದ್ದಲ್ಲದೆ, ಟೇಪು ಸುತ್ತಿ ಮುಚ್ಚಿಟ್ಟು, ನಮ್ಮ ವಾರದಲ್ಲಿ ಕೆಡಲಿ ಎಂದು ದಾಟಿಸಿದ್ದರು.

ತುಂಡು ವೈರಿನಲ್ಲೇ ಸ್ಟಾರ್ಟ್ ಮಾಡಿಕೊಂಡು ಕತ್ತಲಾಗುವ ಮೊದಲು ಒಂದು ಗದ್ದೆ ಮುಗಿಸಿದೆವು. ಮನೆಗೆ ಬಂದವಳು ಕೈಕಾಲು ತೊಳೆಯಲಿಲ್ಲ. ಆ ಸುಟ್ಟ ವೈರನ್ನು ಹಿಡಿದು ಬಾವನ ಬಾಗಿಲ ಮುಂದೆ, ನಡುಬೀದಿಯಲ್ಲಿ ನಿಂತೆ. ಅಷ್ಟು ವರ್ಷ ಪಾತ್ರೆಗಳಿಗೆ ಹೇಳಿದ್ದನ್ನೆಲ್ಲ ಅವತ್ತು ನೇರವಾಗಿ ಹೇಳಿದೆ. "ತಮ್ಮನ್ ಅನ್ನಕ್ಕೆ ಕಿಚ್ಚಿಕ್ಕಿದ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಾಯ್ತಾ? ಟೇಪ್ ಸುತ್ತಿ ಮುಚ್ಚಿಟ್ರೆ ಗೊತ್ತಾಗಲ್ಲ ಅಂದ್ಕಂಡ್ರಾ?" ಇನ್ನೂ ಏನೇನೋ ಅಂದೆ. ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ನಾಚಿಕೆಯಿಂದಲ್ಲ, ಉದ್ದವಾಗುತ್ತದೆ ಎಂದು. ಬೀದಿಯವರೆಲ್ಲ ಜಗಲಿಗೆ ಬಂದು ನಿಂತರು. ಬಾವ ಬಾಗಿಲಲ್ಲಿ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ತಲೆ ತಗ್ಗಿಸಿ ಕೇಳಿಸಿಕೊಂಡರು. ಎಮ್ಮೆಗೂ ಒಂದು ಮಾತು ಹೇಳಲಿಲ್ಲ. ತಪ್ಪು ಮಾಡಿದವರಿಗೆ ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡೆ. ಬೀದಿಯವರಲ್ಲೂ ಒಬ್ಬರೂ ಬಾಯಿ ಹಾಕಲಿಲ್ಲ. ನಮ್ಮ ಊರಿನಲ್ಲಿ ಹಾಗಾಗುವುದೇ ಇಲ್ಲ. ನನ್ನ ಗಂಡ ಮಾತ್ರ "ಬಾಮ್ಮಿ, ಒಳಿಕ್ ಬಾ" ಎಂದು ರಟ್ಟೆ ಹಿಡಿದು ಎಳೆಯುತ್ತಿದ್ದರು.

ಮರುದಿನ ಪೇಟೆಗೆ ಹೋಗಿ ಹೊಸ ವೈರು ತಂದೆ. ಬೆಂಕಿಯ ದಾರಿ ಬೇಡವೆಂದು ಹೊಟ್ಟೆಯ ಅಡಿಯಿಂದ ತಪ್ಪಿಸಿ, ಪಕ್ಕದಿಂದ ಸುತ್ತಿಸಿ, ಎರಡು ತುದಿಗೂ ಕೊಂಡಿ ಬೆಸೆದು ಬಿಗಿದೆ. ಗುಂಡಿ ಒತ್ತಿದ ಕೂಡಲೇ ಎದ್ದಿತು, ಬಿಸಿಯಲ್ಲೂ ಎದ್ದಿತು, ಕೆಸರಿನಲ್ಲಿ ಕುಸಿದು ನಿಂತಾಗಲೂ ಎದ್ದಿತು. ಭಾನುವಾರ ಮಧ್ಯಾಹ್ನದೊಳಗೆ ನಮ್ಮ ಗದ್ದೆಯೆಲ್ಲ ಕೆಸರಾಗಿ, ನಾಟಿಯ ಹೆಂಗಸರು ಪೈರು ಹಿಡಿದು ಇಳಿದರು. ನಮ್ಮ ಬತ್ತ ಉಳಿಯಿತು.

ಬಾವನಿಗೆ ಉಳಿದದ್ದು ಸೋಮವಾರ ಒಂದೇ ದಿನ. ಭಾನುವಾರ ಸಂಜೆ ಟ್ರಾಕ್ಟರನ್ನು ಹಟ್ಟಿಯ ಮುಂದೆ ತಂದು ನಿಲ್ಲಿಸಿದೆವು. ಕೈ ಬದಲಾಗುವ ಹೊತ್ತು. ನಾನು ಸ್ಪ್ಯಾನರು ತೆಗೆದುಕೊಂಡು ಹೋಗಿ ನನ್ನ ಹೊಸ ವೈರನ್ನು ಬಿಚ್ಚಿಕೊಂಡೆ. ನಾನು ತಂದ ವೈರು, ನಾನು ಹಾಕಿದ ವೈರು. ಆ ಸುಟ್ಟ ವೈರನ್ನೇ ಹಾಕಿ, ಅವರು ಹೇಗೆ ಕೊಟ್ಟಿದ್ದರೋ ಹಾಗೆಯೇ ವಾಪಸ್ಸು ಕೊಡುತ್ತೇನೆ, ಟೇಪು ಬೇಕಾದರೆ ಸುತ್ತಿಕೊಡುತ್ತೇನೆ. ನಾಳೆ ಅವರ ಗದ್ದೆಯ ನಡುವೆ ಅದು ಕಟ್ ಎನ್ನಲಿ. ಅದನ್ನು ಬದುವಿನ ಮೇಲೆ ನಿಂತು ನೋಡುವುದನ್ನು ನೆನೆದೇ ನನಗೆ ಹೊಟ್ಟೆ ತುಂಬಿತ್ತು.

ವೈರನ್ನು ಸುರುಳಿ ಸುತ್ತುತ್ತಿದ್ದಾಗ ನನ್ನ ಗಂಡ ಬಂದು ಎದುರಿಗೆ ನಿಂತರು.

"ಅದ್ನ ಹಾಕ್ಬುಡಮ್ಮಿ."

"ಯಾಕೆ? ನಿಮ್ಮಣ್ಣ ಸುಡೋದು, ನಾನು ಕಟ್ಟೋದಾ?"

"ಅಣ್ಣ ಸುಟ್ಟುದ್ದಲ್ಲ ಅದು."

"ಮತ್ಯಾರು?"

"ನಾನೇಯ."

ಆಮೇಲೆ ನೆಲ ನೋಡುತ್ತ ಹೇಳಿದರು. ಎತ್ತುಗಳಿದ್ದ ಮನೆ, ಕಿಚ್ಚು ಹಾಯಿಸದೆ ಹಬ್ಬ ಮಾಡುವುದು ಹೇಗೆ ಎಂದು ಅವರಿಗೇ ಅನಿಸಿತಂತೆ. ಅಣ್ಣನ ವಾರವಾದ್ದರಿಂದ ಅಣ್ಣನನ್ನು ಕೇಳಿದರಂತೆ. ಹಬ್ಬಕ್ಕೆಂದು ಒಂದು ದಿನದ ಮಟ್ಟಿಗೆ ಮಾತಾಡಿರಬೇಕು ಎಂದುಕೊಂಡೆ. ಅಣ್ಣ ಹುಲ್ಲು ಹರಡಿ ಬೆಂಕಿ ಹಚ್ಚಿ, ಎತ್ತಿನ ಹಗ್ಗ ಹಿಡಿದು ಮುಂದೆ ಓಡುವವರ ಹಾಗೆ ಮುಂದೆ ಮುಂದೆ ಹೋದರಂತೆ. ಇವರು ಸೀಟಿನಲ್ಲಿ. ಉರಿ ಕಂಡು ಗಾಬರಿಯಾಗಿ ಕ್ಲಚ್ಚಿನ ಮೇಲಿಂದ ಕಾಲು ತೆಗೆದುಬಿಟ್ಟರಂತೆ. ಟ್ರಾಕ್ಟರು ಬೆಂಕಿಯ ಮೇಲೆಯೇ ಆಫ್ ಆಗಿ ನಿಂತಿತಂತೆ. ಬೀದಿಯವರೆಲ್ಲ ಕೊಡದಲ್ಲಿ ನೀರು ತಂದು ಹುಯ್ದರಂತೆ. ಇವರು ಟೇಪು ಸುತ್ತುವಾಗ ಟಾರ್ಚು ಹಿಡಿದುಕೊಂಡವರು ಬಾವ. ಟ್ರಾಕ್ಟರಿನ ದೀಪ ಹತ್ತಿತು, ಸರಿಯಾಯಿತು ಅಂದುಕೊಂಡರಂತೆ. "ನಿಂಗೆ ಯೋಳ್ಬ್ಯಾಡ ಅಂತ ಅಣ್ಣಾನೇ ಅಂದಿದ್ದು. ಬೈತೀಯ ಅಂತ."

ಹಾಗಾದರೆ ಬೀದಿಯಲ್ಲಿ ನಿಂತು ನಾನು ಅಷ್ಟು ಕೂಗಾಡಿದ ದಿನ, ಜಗಲಿಯ ಮೇಲೆ ನಿಂತಿದ್ದವರೆಲ್ಲ ಕೊಡ ಹಿಡಿದು ನೀರು ಹುಯ್ದವರು. ಒಬ್ಬರಿಗೂ ಹೇಳಬೇಕೆನಿಸಲಿಲ್ಲ. ಪಕ್ಕದಲ್ಲಿ ನಿಂತು ನನ್ನ ರಟ್ಟೆ ಎಳೆಯುತ್ತಿದ್ದ ಗಂಡನಿಗೂ ಅನಿಸಲಿಲ್ಲ. ನನಗೆ ಬಂದ ಸಿಟ್ಟಿಗೆ ಯಾವ ಬೈಗುಳವೂ ಸಾಲಲಿಲ್ಲ. ವೈರಿನ ಸುರುಳಿಯನ್ನು ಅವರ ಎದೆಗೆ ಎಸೆದು, "ಸುಟ್ಟೋರೇ ಕಟ್ಕಳಿ" ಎಂದು ಒಳಗೆ ಹೋದೆ.

ಒಳಗೆ ಹೋದವಳು ಬಚ್ಚಲಿನಲ್ಲಿ ಕೈ ತೊಳೆಯುತ್ತ ನಿಂತಿದ್ದೆ. ಬಚ್ಚಲ ಕಿಟಕಿ ಹಟ್ಟಿಯ ಕಡೆಗಿದೆ. ಬಾವ ಬಂದದ್ದು ಕೇಳಿಸಿತು. ಎಷ್ಟೋ ವರ್ಷಗಳ ಮೇಲೆ ಮಾತಾಡುವವರ ದನಿ ಹೇಗಿರುತ್ತದೆಂದು ನನಗೆ ಗೊತ್ತಿದೆ, ಅದರಲ್ಲಿ ತಡಕಾಟ ಇರುತ್ತದೆ. ಇವರಲ್ಲಿ ಇರಲಿಲ್ಲ.

"ಲೇ, ಕೆಂಪ್ ತುದಿ ಮ್ಯಾಕ್ಕೆ ಬರ್ಬೇಕೋ ಏನೋ ಕಣ್ಲಾ."

"ಗೊತ್ತಿಲ್ಲ ಕಣಣ್ಣ. ಅವ್ಳು ಎಂಗಾಕಿದ್ಲೋ."

"ಬಗ್ಗಬ್ಯಾಡ ನೀನು, ಸರ್ಕೊ. ಮಂಡಿ ಎಂಗದೆ? ಆ ಎಣ್ಣೆ ಮುಗ್ದೋಗಿದ್ರೆ ಯೋಳು, ತೊಣ್ಣೂರ್ ಕಡೆ ಓಯ್ತೀನಿ ನಾಳಿದ್ದು, ಇನ್ನೊಂದ್ ಸೀಸೆ ತತ್ತೀನಿ."

"ಇನ್ನೂ ಅರ್ಧ ಅದೆ. ಇದು ಓದ್ಸಲದ್ಕಿಂತ ಚೆನ್ನಾಗದೆ."

ಆ ಎಣ್ಣೆಯನ್ನು ದಿನವೂ ಮಲಗುವ ಮುಂಚೆ ಅವರ ಮಂಡಿಗೆ ತಿಕ್ಕುವವಳು ನಾನು. ಪೇಟೆಯಿಂದ ತಂದೆ ಎಂದಿದ್ದರು. ಹೋದ ಸಲದ್ದೂ, ಅದರ ಹಿಂದಿನ ಸಲದ್ದೂ. ಅವರ ನಡುವೆ ಮಾತು ನಿಂತೇ ಇರಲಿಲ್ಲ. ಮುನಿಸು ಇದ್ದದ್ದು ನನ್ನ ಕಣ್ಣಿಗೆ ಮಾತ್ರ, ನನ್ನ ಕಾಟ ತಪ್ಪಲಿ ಎಂದು ಅಣ್ಣ ತಮ್ಮ ಸೇರಿ ಇಟ್ಟುಕೊಂಡದ್ದು. ಪಾಲಾದ ಮನೆಯಲ್ಲಿ ನನ್ನ ಪಾಲಿಗೆ ಗಂಡ ಬಂದಿದ್ದಾನೆ ಎಂದು ನಂಬಿಕೊಂಡಿದ್ದವಳು ನಾನೊಬ್ಬಳೇ.

ಹೊರಗೆ ಗುಂಡಿ ಒತ್ತಿದರು. ಕಟ್ ಎನ್ನುವ ಸದ್ದೂ ಬರಲಿಲ್ಲ. ಮತ್ತೆ ಒತ್ತಿದರು. ತಪ್ಪು ಕೊಂಡಿಗೆ ಹಾಕಿದ್ದಾರೆಂದು ನನಗೆ ಒಳಗಿನಿಂದಲೇ ಗೊತ್ತಾಯಿತು. ಬೆಳಗಾದರೆ ಅವರಿಗೆ ಇರುವುದು ಒಂದೇ ದಿನದ ನೀರು.

"ಅವ್ಳನ್ನ ಕರೀಲಾ ಅಣ್ಣ?"

"ಬ್ಯಾಡ ಕಣ್ಲಾ. ಸಾಬ್ರುಗೆ ಫೋನ್ ಮಾಡು."

ನಾನು ಹೊರಗೆ ಬಂದೆ. ನನ್ನ ಕಾಲಿನ ಸದ್ದು ಕೇಳಿದ ಕೂಡಲೇ ಇಬ್ಬರೂ ಸುಮ್ಮನಾದರು. ಬಾವ ಆ ಕಡೆ ಮುಖ ತಿರುಗಿಸಿದರು, ನನ್ನ ಗಂಡ ಈ ಕಡೆ ತಿರುಗಿಸಿದರು, ಅಷ್ಟು ಸಲೀಸಾಗಿ, ದಿನವೂ ಮಾಡಿ ರೂಢಿಯಾದವರ ಹಾಗೆ. ನಾನು ಯಾರನ್ನೂ ನೋಡಲಿಲ್ಲ. ಅಂದ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ, ಇಂದಿಗೂ ತೆಗೆದುಕೊಂಡಿಲ್ಲ. ಟ್ರಾಕ್ಟರಿನ ಅಡಿಗೆ ಹೋಗಿ ವೈರನ್ನು ಅದರ ಜಾಗಕ್ಕೆ ಹಾಕಿ ಬಿಗಿದೆ. ಅವರಿಗಾಗಿ ಅಲ್ಲ. ಬತ್ತ ಯಾರದಾದರೂ ಬತ್ತವೇ, ನೀರಿಲ್ಲದ ಊರಿನಲ್ಲಿ ಹುಟ್ಟಿದವಳಿಗೆ ಅದನ್ನು ಒಣಗಿಸಲು ಕೈ ಬರುವುದಿಲ್ಲ.

ಎದ್ದು ನಿಂತು ಸೀರೆ ಕೊಡವಿಕೊಂಡೆ. ಬಾವ ಹತ್ತಿ ಕೂತು ಗುಂಡಿ ಒತ್ತಿದರು. ಒಂದೇ ಸಲಕ್ಕೆ ಎದ್ದಿತು. ಅವರು ಎಕ್ಸಲರೇಟರನ್ನು ಪೂರ್ತಿ ಎಳೆದು ಎಂಜಿನ್ನಿನ ಸದ್ದು ಜೋರು ಮಾಡಿದರು. ಆಮೇಲೆ ಬಗ್ಗಿ ನನ್ನ ಗಂಡನ ಕಿವಿಯ ಹತ್ತಿರ ಏನೋ ಹೇಳಿದರು. ಇವರು ಹೂಂ ಎಂದು ತಲೆಯಾಡಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಒಂದಕ್ಷರವೂ ಕೇಳಿಸಲಿಲ್ಲ.